ಗೋಡೆಯ ಬಣ್ಣವೂ ಮನೆಯವರ ಉಸಿರೂ



ಕ್ರಿಸ್ಮಸ್ ಹತ್ತಿರವಾದಂತೆ, ಅದರ ಬೆನ್ನಿಗೇ ಭೋಗಿ ಪೊಂಗಲ್‌ಗಳೂ ಬರುವುದರಿಂದ, ನಮ್ಮ ಎಡಪ್ಪಾಡಿಯ ಸುತ್ತಮುತ್ತಲಿನ ಬಣ್ಣದ ಅಂಗಡಿಯವರಿಗೆ ಬಿಡುವೇ ಇರುವುದಿಲ್ಲ. ಮರಗೆಣಸು ಮಾರಿದ ಹಣವೋ ಮಗ್ಗದ ಕೂಲಿಯೋ ಕೈಯಲ್ಲಿ ಒಂದಿಷ್ಟು ಓಡಾಡುವ ಕಾಲ ಅದು. ಎರಡು ಮೂರು ದಿನಗಳಲ್ಲಿ ಮನೆಗೆಲ್ಲಾ ಬಣ್ಣ ಹೊಡೆಸಿ, ಅಂದೇ ಸಂಜೆ ಪಾತ್ರೆ ಪರಟಿಗಳನ್ನು ಒಳಗೆ ಸೇರಿಸಿ, ರಾತ್ರಿ ಇಬ್ಬನಿಗೂ ಸೊಳ್ಳೆಗೂ ಅಂಜಿ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಮಲಗುತ್ತೇವೆ. ಹಬ್ಬ ಕಳೆದ ಮೇಲೆ ಮನೆಗಳನ್ನು ಸಂದರ್ಶಿಸುವಾಗ ನಾವು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: ಅಜ್ಜಿಗೆ ಉಬ್ಬಸ ಜಾಸ್ತಿಯಾಗಿದೆ, ಮಗುವಿನ ಕಣ್ಣು ಕೆಂಪಾಗಿದೆ, ಸೊಸೆಗೆ ತಲೆನೋವು ಬಿಡುತ್ತಿಲ್ಲ. ಚಳಿಯಿಂದ ಆಗಿರಬೇಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಚಳಿಯಿಂದಲೂ ಇರಬಹುದು. ಆದರೆ ಗೋಡೆಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

ಗೋಡೆ ಪರೀಕ್ಷಿಸುವುದು ಗುರುಗಳ ಕೆಲಸವೇ ಎಂದು ಕೆಲವರು ನಗಬಹುದು. ಯಾಜಕಕಾಂಡದ 14ನೆಯ ಅಧ್ಯಾಯವನ್ನು ತೆರೆದು ನೋಡಿ. ಮನೆಯ ಗೋಡೆಗೆ ಬೂಷ್ಟಿನಂಥದು ಹಿಡಿದರೆ ಬಂದು ನೋಡಬೇಕಾದವನು ಯಾಜಕನೇ! ಅಲ್ಲಿ ಮನೆಯನ್ನು ಏಳು ದಿನ ಮುಚ್ಚಿಡಬೇಕೆಂಬ ವಿಧಿಯಿದೆ. ನಾವು ಇಲ್ಲಿ ಹೇಳಹೊರಟಿರುವುದು ಏಳು ದಿನ ತೆರೆದಿಡಿ ಎಂದು, ಅಷ್ಟೇ ವ್ಯತ್ಯಾಸ.

ನಿಮಗೆ ಗೊತ್ತಿರುವ ವಾಸನೆ

ಧರ್ಮಪುರಿ, ಕೃಷ್ಣಗಿರಿ, ಹೊಸೂರು ಕಡೆಯ ರೇಷ್ಮೆ ಸಾಕುವ ಮನೆಗಳವರಿಗೆ ಫಾರ್ಮಲಿನ್ ಎಂಬ ದ್ರವದ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಇಡುವ ಮುಂಚೆ, ಹುಳುಮನೆಯನ್ನೂ ತಟ್ಟೆ ಚಂದ್ರಿಕೆಗಳನ್ನೂ ತೊಳೆದು, ಒಂದು ಪಾಲು ಫಾರ್ಮಲಿನ್‌ಗೆ ಹದಿನೇಳು ಪಾಲು ನೀರು ಬೆರೆಸಿ ಶೇಕಡಾ 2ರ ದ್ರಾವಣ ಮಾಡಿ ಸಿಂಪಡಿಸಿ, ಸಂದುಗೊಂದುಗಳನ್ನೆಲ್ಲಾ ಮುಚ್ಚಿ ಒಂದು ದಿನ ಬಿಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಬಾಗಿಲು ತೆರೆದಾಗ ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವುದಲ್ಲ, ಆ ಗಾಳಿಯೇ ಫಾರ್ಮಾಲ್ಡಿಹೈಡ್. ಇದನ್ನು ನೀರಿನಲ್ಲಿ ಶೇಕಡಾ 37ರಷ್ಟು ಕರಗಿಸಿಟ್ಟರೆ ಫಾರ್ಮಲಿನ್ ಆಗುತ್ತದೆ. ನಾಮಕ್ಕಲ್ ಸೀಮೆಯ ಕೋಳಿಮರಿ ಹ್ಯಾಚರಿಗಳಲ್ಲಿ ಇದನ್ನೇ ಪೊಟ್ಯಾಶಿಯಂ ಪರ್ಮಾಂಗನೇಟಿನ ಮೇಲೆ ಸುರಿದು ಧೂಮ ಎಬ್ಬಿಸುತ್ತಾರೆ. ವೈದ್ಯಕೀಯ ಕಾಲೇಜುಗಳಲ್ಲಿ ಶವಗಳನ್ನು ಕೆಡದಂತೆ ಇಡುವುದೂ ಇದರಿಂದಲೇ.

ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ ‘ಫಾರ್ಮಿಕಾ’ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಇರುವೆಗಳನ್ನು ಭಟ್ಟಿ ಇಳಿಸಿ ತೆಗೆದ ಆಮ್ಲಕ್ಕೆ ಫಾರ್ಮಿಕ್ ಆಮ್ಲ ಎಂದು ಹೆಸರಾಯಿತು. ಅದೇ ಕುಲದ ಈ ಅನಿಲಕ್ಕೂ ಆ ಹೆಸರೇ ಅಂಟಿಕೊಂಡಿತು. ನಮ್ಮ ದೇಹದೊಳಗೆ ಸೇರಿದ ಫಾರ್ಮಾಲ್ಡಿಹೈಡ್ ಬೇಗನೆ ಆ ಆಮ್ಲವಾಗಿಯೇ ಮಾರ್ಪಡುತ್ತದೆ. ಇರುವೆ ಕಚ್ಚಿದ ಉರಿ ಎಂಥದೆಂದು ತಿಳಿದವರಿಗೆ ಇದು ನೆನಪಿಡಲು ಸುಲಭ.

ರೇಷ್ಮೆ ಸಾಕುವವರು ಮಾಡುವ ಇನ್ನೊಂದು ಕೆಲಸವನ್ನು ಗಮನಿಸಿ. ಫಾರ್ಮಲಿನ್ ಹೊಡೆದು ಮುಚ್ಚಿದ ಮನೆಯನ್ನು ಮತ್ತೆ ಒಂದು ಇಡೀ ದಿನ ತೆರೆದಿಟ್ಟು, ಮೂಗಿಗೆ ಏನೂ ಹತ್ತುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಚಾಕಿ ಹುಳುವನ್ನು ಒಳಗೆ ತರುತ್ತಾರೆ. ತಂದರೆ ಹುಳು ಸಾಯುತ್ತದೆ, ಬೆಳೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಸುಣ್ಣ ಬೆರೆಸಿದ ಬ್ಲೀಚಿಂಗ್ ಪುಡಿಯನ್ನೂ, ಬಳಿಕ ಕ್ಲೋರಿನ್ ಡೈಆಕ್ಸೈಡನ್ನೂ ಫಾರ್ಮಲಿನ್‌ಗೆ ಬದಲಿಯಾಗಿ ಸೂಚಿಸಿದ್ದಕ್ಕೆ ಒಂದು ಕಾರಣ, ಸಿಂಪಡಿಸುವ ಮನುಷ್ಯನ ಕಣ್ಣು ಮೂಗುಗಳಿಗೆ ಫಾರ್ಮಲಿನ್ ಕೊಡುವ ಕಾಟ. ಬಣ್ಣದಿಂದ ಹೊರಡುವ ಫಾರ್ಮಾಲ್ಡಿಹೈಡ್ ಹುಳುಮನೆಯ ಸಿಂಪಡಣೆಗಿಂತ ಎಷ್ಟೋ ಪಾಲು ಕಡಿಮೆ ಎಂಬುದು ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಹುಳುವಿಗೆ ಒಂದು ದಿನದ ಗಾಳಿ ಬೇಕೆಂದು ತಿಳಿದ ಮನೆಯವರೇ, ನಿನ್ನೆ ಬಣ್ಣ ಹೊಡೆದ ಕೋಣೆಯಲ್ಲಿ ಇಂದು ಬಾಣಂತಿಯನ್ನೂ ಕೂಸನ್ನೂ ಮಲಗಿಸುವುದನ್ನು ನೋಡಿದಾಗ ನಮಗೆ ಸುಮ್ಮನಿರಲಾಗುವುದಿಲ್ಲ.

ಬಣ್ಣದ ಡಬ್ಬಕ್ಕೆ ಇದು ಏಕೆ ಬಂತು?

ನಮ್ಮೂರಿನ ಮರಗೆಣಸನ್ನೇ ತೆಗೆದುಕೊಳ್ಳಿ. ಕಿತ್ತ ಗೆಡ್ಡೆಯನ್ನು ಎರಡು ಮೂರು ದಿನ ಬಿಟ್ಟರೆ ಒಳಗೆ ನೀಲಿ ಗೆರೆ ಹೊಡೆದು ಕೆಡುತ್ತದೆ. ಅದನ್ನೇ ಅರೆದು, ಹಿಟ್ಟು ತೆಗೆದು, ಒಣಗಿಸಿ ಜವ್ವರಿಸಿ ಮಾಡಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸೇಲಂ ಜಿಲ್ಲೆಯ ಅಷ್ಟೊಂದು ಜವ್ವರಿಸಿ ಮಿಲ್ಲುಗಳು ನಿಂತಿರುವುದು ಈ ಒಂದು ಸತ್ಯದ ಮೇಲೆ: ಹಸಿಯಾದದ್ದು ಕೆಡುತ್ತದೆ, ಒಣಗಿದ್ದು ಉಳಿಯುತ್ತದೆ.

ಬಣ್ಣಕ್ಕೂ ಇದೇ ನಿಯಮ. ಎಮಲ್ಷನ್ ಎಂದು ನಾವು ಕರೆಯುವ ನೀರಿನ ಬಣ್ಣದಲ್ಲಿ ನೀರು, ಸೀಮೆಸುಣ್ಣದಂಥ ಪುಡಿಗಳು, ಬಿಳುಪಿಗೆ ಟೈಟಾನಿಯಂ, ಅಂಟಾಗಿ ರಾಳ, ಗಟ್ಟಿ ಮಾಡಲು ಸಸ್ಯಮೂಲದ ನಾರಿನ ಅಂಶ ಇರುತ್ತವೆ. ನೀರೂ ಇದೆ, ತಿನ್ನಲು ಆಹಾರವೂ ಇದೆ ಎಂದ ಮೇಲೆ ಸೂಕ್ಷ್ಮಜೀವಿಗಳು ಬಿಡುತ್ತವೆಯೇ? ಏಪ್ರಿಲ್ ಮೇ ತಿಂಗಳ ಸೆಖೆಯಲ್ಲಿ ತಗಡಿನ ಮಾಡಿನ ಗೋದಾಮಿನಲ್ಲಿ ಕೂತ ಡಬ್ಬ ಕೊಳೆತು ನಾರಬಾರದೆಂದರೆ ಕೆಡದಿರುವ ಔಷಧ ಹಾಕಲೇಬೇಕು. ಹಿಂದೆ ಕೆಲವರು ಫಾರ್ಮಲಿನ್ನನ್ನೇ ನೇರವಾಗಿ ಬೆರೆಸುತ್ತಿದ್ದರು. ಈಗ ಹೆಚ್ಚಾಗಿ ಎರಡು ಬಗೆಯ ಔಷಧಗಳು. ಒಂದು, ಬ್ರೋನೊಪಾಲ್‌ನಂಥವು, ಇವು ತಾವೇ ಸ್ವಲ್ಪ ಸ್ವಲ್ಪವಾಗಿ ಒಡೆದು ಫಾರ್ಮಾಲ್ಡಿಹೈಡನ್ನು ಬಿಡುತ್ತಾ ಹೋಗುತ್ತವೆ. ಇನ್ನೊಂದು, ಐಸೋಥಯಜೋಲಿನೋನ್ ಎಂಬ ಉದ್ದ ಹೆಸರಿನ ಗುಂಪು; ಇವುಗಳಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ, ಆದರೆ ಚರ್ಮಕ್ಕೆ ಇವು ಬೇರೆ ತರಹದ ಶತ್ರುಗಳು. ಈ ಗುಂಪಿನ ಮಿಥೈಲ್ ಐಸೋಥಯಜೋಲಿನೋನನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ವರ್ಷದ ಅಲರ್ಜಿಕಾರಕವೆಂದೇ ಹೆಸರಿಸಿತು. ಹೊಸ ಬಣ್ಣದ ಕೋಣೆಯಲ್ಲಿ ಕುಳಿತ ಮಾತ್ರಕ್ಕೆ ಮುಖ, ರೆಪ್ಪೆ, ಕತ್ತು ಕೆಂಪೇರಿ ಊದಿಕೊಂಡ ರೋಗಿಗಳನ್ನು ಯೂರೋಪಿನ ವೈದ್ಯರು ಕಂಡಿದ್ದಾರೆ.

ಅಂಗಡಿಯಲ್ಲಿ ಈಗ ‘ವಾಸನೆಯಿಲ್ಲದ ಬಣ್ಣ’, ‘ಕಡಿಮೆ ವಿ.ಓ.ಸಿ.’ ಎಂದು ಬರೆದ ಡಬ್ಬಗಳು ಸಿಗುತ್ತವೆ. ವಿ.ಓ.ಸಿ. ಎಂದರೆ ಬಣ್ಣದಿಂದ ಆವಿಯಾಗಿ ಹಾರಿಹೋಗುವ ರಾಸಾಯನಿಕಗಳ ಒಟ್ಟು ಲೆಕ್ಕ. ಒಟ್ಟು ಲೆಕ್ಕ ಕಡಿಮೆಯಾದರೆ ಒಳ್ಳೆಯದೇ. ಆದರೆ ಔಷಧದ ರೂಪದಲ್ಲಿರುವ ಚೂರು ಫಾರ್ಮಾಲ್ಡಿಹೈಡ್ ಆ ಲೆಕ್ಕದ ಮೂಲೆಯಲ್ಲಿ ಅಡಗಿ ಕೂರಬಲ್ಲದು. 1990ರ ದಶಕದ ಕೊನೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಕಡಿಮೆ ವಿ.ಓ.ಸಿ. ಬಣ್ಣಗಳನ್ನು ಪರೀಕ್ಷಿಸಿದಾಗ ಒಂದರಿಂದ ಫಾರ್ಮಾಲ್ಡಿಹೈಡ್ ಹೊರಡುತ್ತಿರುವುದು ಕಂಡಿತು; ಮೂಲ ಹುಡುಕಿದರೆ ಅದು ಕೆಡದಿರಲು ಹಾಕಿದ ಔಷಧ. ಔಷಧ ಬದಲಾಯಿಸಿದಾಗ ಅದು ತಗ್ಗಿತು. ಆದ್ದರಿಂದ ಡಬ್ಬದ ಮೇಲಿನ ಹಸಿರು ಎಲೆಯ ಚಿತ್ರ ನೋಡಿ ಸಮಾಧಾನ ಪಡಬೇಡಿ. ಮೂಗಿಗೆ ವಾಸನೆ ಬರುವುದಿಲ್ಲ ಎಂಬುದೂ ಸಾಕ್ಷಿಯಲ್ಲ. ಪರಿಮಳ ಬೆರೆಸಿ ವಾಸನೆ ಮುಚ್ಚುವುದು ಕಷ್ಟದ ಕೆಲಸವೇನೂ ಅಲ್ಲ.

ಎಷ್ಟಿದ್ದರೆ ಜಾಸ್ತಿ?

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಒಂದು ಮಿತಿ ಹಾಕಿತು: ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿಯಲ್ಲಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೆಂದರೆ ಸುಮಾರು 28 ಘನ ಮೀಟರ್. ಆ ಕೋಣೆಯ ಗಾಳಿ ಮಿತಿ ಮುಟ್ಟಲು ಮೂರು ಮಿಲಿಗ್ರಾಂಗೂ ಕಡಿಮೆ ಸಾಕು. ಮೂರು ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಸಾಸಿವೆ ಕಾಳಿನ ತೂಕ. ಕಿಟಕಿ ತೆರೆದಿದ್ದರೆ ಆ ಸಾಸಿವೆ ಹೊರಗೆ ಹಾರಿಹೋಗುತ್ತದೆ, ಮುಚ್ಚಿದ್ದರೆ ಒಳಗೇ ಉಳಿಯುತ್ತದೆ. ಸೆಖೆ ಏರಿದಷ್ಟೂ, ತೇವ ಹೆಚ್ಚಿದಷ್ಟೂ ಅನಿಲ ಹೆಚ್ಚು ಹೊರಡುತ್ತದೆ. ಹುಳುಮನೆಯಲ್ಲಿ ಫಾರ್ಮಲಿನ್ ಚೆನ್ನಾಗಿ ಕೆಲಸ ಮಾಡಲು 25 ಡಿಗ್ರಿಗಿಂತ ಹೆಚ್ಚಿನ ಬಿಸಿಯೂ ತೇವವೂ ಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಇದೇ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿಸಲು ಹೇಳುತ್ತಿಲ್ಲ. ಆ ತೀರ್ಮಾನಕ್ಕೆ ಆಧಾರವಾದದ್ದು ಮುಖ್ಯವಾಗಿ ವರ್ಷಗಟ್ಟಲೆ ಅದರ ನಡುವೆಯೇ ದುಡಿದ ಕಾರ್ಖಾನೆಯ ಕೆಲಸಗಾರರ ಅನುಭವ. ಗೋಡೆಯ ಬಣ್ಣದಿಂದ ಹೊರಡುವುದು ಮೊದಲ ಕೆಲವು ದಿನ ಹೆಚ್ಚಿದ್ದು ನಂತರ ಇಳಿಯುತ್ತಾ ಹೋಗುತ್ತದೆ. ಗಟ್ಟಿಮುಟ್ಟಾದ ಮನುಷ್ಯ ಎರಡು ದಿನ ಮೂಗು ಉಜ್ಜಿಕೊಂಡು ಮರೆತುಬಿಡುತ್ತಾನೆ. ತೊಂದರೆ ಇರುವುದು ಸೂಕ್ಷ್ಮ ದೇಹದವರಿಗೆ. ಉಬ್ಬಸ ಇರುವವರು, ಎದೆಯಲ್ಲಿ ಗೊರಗೊರ ಎನ್ನುವ ಕೂಸುಗಳು, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಶ್ವಾಸಕೋಶ ಸೋತ ತಾಯಂದಿರು, ಕೈಗೆ ಕಜ್ಜಿ ಎದ್ದಿರುವ ಬಣ್ಣದ ಕೆಲಸದ ಹುಡುಗರು, ಇವರನ್ನು ಬೇರೆಯಾಗಿಯೇ ಎಣಿಸಬೇಕು. ಚರ್ಮ ಒಮ್ಮೆ ಈ ಔಷಧಗಳಿಗೆ ಅಲರ್ಜಿ ಪಡೆಯಿತೆಂದರೆ ಆಮೇಲೆ ತೀರಾ ಅಲ್ಪ ಪ್ರಮಾಣವೂ ಸಾಕು, ಮತ್ತೆ ಮತ್ತೆ ಏಳುತ್ತದೆ.

ನೆಗಡಿಯೋ ಬಣ್ಣದ ಕಾಟವೋ ಎಂದು ತಿಳಿಯಲು ಒಂದು ಸುಲಭ ಲಕ್ಷಣವಿದೆ. ತೋಟಕ್ಕೆ ಹೋದಾಗ, ಸಂಬಂಧಿಕರ ಮನೆಯಲ್ಲಿ ಎರಡು ರಾತ್ರಿ ಕಳೆದಾಗ ಕಡಿಮೆಯಾಗಿ, ಮನೆಗೆ ಬಂದು ಮಲಗಿದೊಡನೆ ಮರುಕಳಿಸಿದರೆ ಅದು ಮನೆಯ ಗಾಳಿಯದು. ಜ್ವರವೂ ಇರುವುದಿಲ್ಲ. ಉಬ್ಬಸದವರು ಸೇದುವ ಔಷಧವನ್ನು ನಿಲ್ಲಿಸದೆ ವೈದ್ಯರಲ್ಲಿಗೆ ಹೋಗಬೇಕು, ಹೊಸದಾಗಿ ಬಣ್ಣ ಹೊಡೆಸಿದ್ದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಚರ್ಮದ ತೊಂದರೆಯಾದರೆ ಸೇಲಂ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಬೆನ್ನ ಮೇಲೆ ಸಣ್ಣ ಪಟ್ಟಿ ಅಂಟಿಸಿ, ಯಾವ ವಸ್ತು ಒಗ್ಗುವುದಿಲ್ಲವೆಂದು ಪತ್ತೆ ಮಾಡುವ ಪರೀಕ್ಷೆಯ ಬಗ್ಗೆ ಕೇಳಿ.

ಗೋಡೆಯೊಂದೇ ಅಪರಾಧಿಯಲ್ಲ

ಗೋಡೆಯನ್ನು ಬೈದು ಬೀರುವನ್ನು ಬಿಡುವುದು ಅನ್ಯಾಯ. ಹಬ್ಬಕ್ಕೆ ಬಣ್ಣದ ಜೊತೆಗೆ ಹೊಸ ಪಾರ್ಟಿಕಲ್ ಬೋರ್ಡಿನ ಕಪಾಟೋ ಪ್ಲೈವುಡ್ಡಿನ ಮಂಚವೋ ಬಂದಿದ್ದರೆ, ಹೆಚ್ಚಿನ ಪಾಲು ಅದರದ್ದೇ ಆಗಿರಬಹುದು. ಮರದ ಪುಡಿಯನ್ನೂ ಹಾಳೆಗಳನ್ನೂ ಅಂಟಿಸುವ ಅಗ್ಗದ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ನಾವು ಹೊಲಕ್ಕೆ ಹಾಕುವ ಅದೇ ಯೂರಿಯಾ ಮತ್ತು ಈ ಅನಿಲ ಸೇರಿ ಆದದ್ದು. ಬಣ್ಣದ ಹಾಗೆ ಇದು ವಾರಗಳಲ್ಲಿ ಮುಗಿಯುವುದಿಲ್ಲ, ತಿಂಗಳು ವರ್ಷಗಟ್ಟಲೆ ಬಿಡುತ್ತದೆ. ಮರಕ್ಕೆ ಹೊಳಪು ಕೊಡುವ ಮೆಲಮೈನ್ ಪಾಲಿಶ್ ಕೂಡ ಒಣಗುವಾಗ ಇದನ್ನೇ ಹೊರಬಿಡುತ್ತದೆ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರಕಾರ ಕೊಟ್ಟ ಗಾಲಿಮನೆಗಳಲ್ಲಿ ವಾಸಿಸಿದವರು ಕೆಮ್ಮು ಕಣ್ಣುರಿಗಳಿಂದ ನರಳಿದರು. ಅಂಥ 519 ಮನೆಗಳನ್ನು ಅಳೆದ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2008ರಲ್ಲಿ, ಗಾಳಿಯಲ್ಲಿ ಫಾರ್ಮಾಲ್ಡಿಹೈಡಿನ ಸರಾಸರಿ ನೂರು ಕೋಟಿ ಭಾಗಕ್ಕೆ 77 ಭಾಗ ಎಂದು ತಿಳಿಸಿತು. ಇದು ನಾವು ಮೇಲೆ ಹೇಳಿದ ಮಿತಿಯ ಅಂಚಿನಲ್ಲೇ ಇರುವ ಸರಾಸರಿ. ಎಷ್ಟೋ ಮನೆಗಳು ಅದನ್ನು ಮೀರಿದ್ದವು. ಜಪಾನಿನಲ್ಲಿ ‘ರೋಗದ ಮನೆ’ ಎಂಬ ಮಾತೇ ಹುಟ್ಟಿಕೊಂಡಿತ್ತು. ಅವರು 2003ರಿಂದ ಕಟ್ಟಡದ ಕಾನೂನನ್ನೇ ತಿದ್ದಿ, ಹಲಗೆ, ಅಂಟು, ಬಣ್ಣ ಎಲ್ಲಕ್ಕೂ ನಕ್ಷತ್ರದ ಗುರುತು ಕೊಟ್ಟು, ನಾಲ್ಕು ನಕ್ಷತ್ರದವಕ್ಕೆ ಮಾತ್ರ ಮನೆಯೊಳಗೆ ಮಿತಿಯಿಲ್ಲದೆ ಬಳಸಲು ಅನುಮತಿಯಿತ್ತರು. ನಮ್ಮಲ್ಲಿ ಪ್ಲೈವುಡ್ ಕೊಳ್ಳುವವರು ‘ಇ ಒಂದು’ ಅಥವಾ ‘ಇ ಸೊನ್ನೆ’ ಎಂಬ ದರ್ಜೆಯ ಗುರುತನ್ನು ಕೇಳಿ ಪಡೆಯಬೇಕು.

ಇನ್ನು ಸೊಳ್ಳೆ ಬತ್ತಿ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಸುಟ್ಟು ನೋಡಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿಯ ಹೊಗೆಯಲ್ಲಿ 51 ಸಿಗರೇಟುಗಳಷ್ಟು ಫಾರ್ಮಾಲ್ಡಿಹೈಡ್ ಇರಬಲ್ಲದು. ಬಣ್ಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು, ಅದೇ ಕೋಣೆಯಲ್ಲಿ ಬತ್ತಿ ಹಚ್ಚಿ ಮಲಗಿದರೆ ಏನು ಫಲ? ಪರದೆ ಕಟ್ಟಿ. ಹೊಸ ಸುಕ್ಕುಗಟ್ಟದ ಬಟ್ಟೆಗಳನ್ನು, ಮಗ್ಗದ ಊರಿನವರಿಗೆ ಇದು ತಿಳಿದಿರಬೇಕು, ಒಗೆದೇ ಉಡಬೇಕು.

ಏನನ್ನು ಕೊಳ್ಳಬೇಕು?

ಸೂಕ್ಷ್ಮ ದೇಹದವರು ಇರುವ ಮನೆಗೆ ನಮ್ಮ ಮೊದಲ ಸಲಹೆ ಅಂಗಡಿಯವರಿಗೆ ಇಷ್ಟವಾಗದು: ಆ ಒಂದು ಕೋಣೆಗೆ ಈ ವರ್ಷ ಬಣ್ಣವೇ ಬೇಡ. ಗೋಡೆಯನ್ನು ಸೋಪಿನ ನೀರಿನಲ್ಲಿ ಒರೆಸಿ, ನೀರು ಇಳಿಯುವ ಮಾಡನ್ನು ಸರಿಪಡಿಸಿ. ತೇವದ ಗೋಡೆಯ ಬೂಷ್ಟು ಉಬ್ಬಸಕ್ಕೆ ಬಣ್ಣದಷ್ಟೇ ಕೆಟ್ಟದ್ದು; ಅದರ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಪೌಡರ್ ಹಾಕಿದಂತೆ. ಕಳೆದ ವರ್ಷ ಹೊಡೆದು ಆರಿದ ಬಣ್ಣ ಅಜ್ಜಿಗೆ ಒಳ್ಳೆಯದೇ.

ಬಣ್ಣ ಬೇಕೇ ಬೇಕೆಂದರೆ, ಜವ್ವರಿಸಿಯ ಪಾಠವನ್ನು ನೆನೆಯಿರಿ. ಪುಡಿಯಾಗಿ ಬಂದು ಅಂದೇ ನೀರಿನಲ್ಲಿ ಕಲಸುವ ಯಾವುದಕ್ಕೂ ಡಬ್ಬದಲ್ಲಿ ಕೆಡದಿರುವ ಔಷಧದ ಅಗತ್ಯವಿಲ್ಲ. ಸುಣ್ಣ, ಪುಡಿ ಡಿಸ್ಟೆಂಪರ್, ಹೊರಗೋಡೆಗೆ ಸಿಮೆಂಟ್ ಬಣ್ಣ, ಪುಡಿಯಾಗಿ ಸಿಗುವ ಪಟ್ಟಿ, ಇವು ಆ ಜಾತಿಯವು. ‘ಡಿಸ್ಟೆಂಪರ್ ಕೊಡಿ’ ಎಂದಷ್ಟೇ ಕೇಳಿದರೆ ಅಂಗಡಿಯವರು ಮುದ್ದೆಯಾಗಿ ಡಬ್ಬದಲ್ಲಿರುವ ಎಣ್ಣೆ ಬೆರೆತ ಡಿಸ್ಟೆಂಪರನ್ನು ಕೊಟ್ಟಾರು. ಅದು ಹಸಿ ಜಾತಿಯದು. ಪುಡಿಯದು ಬಟ್ಟೆಗೆ ಮೆತ್ತಿಕೊಳ್ಳುತ್ತದೆ ಎಂಬ ದೂರು ನಿಜವೇ. ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿ.

ಎಮಲ್ಷನ್ನೇ ಬೇಕಾದವರು ಡಬ್ಬದ ಮೇಲಿನ ಚಿತ್ರ ಬಿಟ್ಟು, ಕಂಪೆನಿಯ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ. ಓದಿದ ಮಕ್ಕಳು ಮನೆಯಲ್ಲಿದ್ದಾರೆ, ಫೋನಿನಲ್ಲೇ ಹುಡುಕಿ ಕೊಡುತ್ತಾರೆ. ಕೆಡದಿರುವ ಔಷಧ ಯಾವುದು, ಫಾರ್ಮಾಲ್ಡಿಹೈಡ್ ಸೇರಿಸಿಲ್ಲವೆಂದು ಬರೆದಿದ್ದಾರೆಯೇ, ಅಳೆದ ಪರೀಕ್ಷೆಯ ಹೆಸರಿದೆಯೇ ಎಂದು ನೋಡಿ. ಉಬ್ಬಸದವರು ಫಾರ್ಮಾಲ್ಡಿಹೈಡ್ ಇಲ್ಲದ್ದನ್ನೂ, ಚರ್ಮದ ಅಲರ್ಜಿಯವರು ಐಸೋಥಯಜೋಲಿನೋನ್ ಕೂಡ ಇಲ್ಲದ್ದನ್ನೂ ಹುಡುಕಬೇಕು. ಗೋಡೆಗೆ ಹತ್ತುವುದು ಬಣ್ಣವೊಂದೇ ಅಲ್ಲ. ಪ್ರೈಮರ್, ಮುದ್ದೆ ಪಟ್ಟಿ, ಯಂತ್ರದಲ್ಲಿ ಬೆರೆಸುವ ರಂಗು ಎಲ್ಲದರಲ್ಲೂ ಔಷಧ ಇರುತ್ತದೆ. ಗಾಢ ರಂಗಿಗಿಂತ ಬಿಳಿಯೇ ವಾಸಿ. ಬಾಗಿಲು ಕಿಟಕಿಗೆ ಹೊಡೆಯುವ ಎನಾಮೆಲ್‌ನಲ್ಲಿ ಈ ಔಷಧಗಳ ಅಗತ್ಯವಿಲ್ಲ, ಆದರೆ ಅದರ ಟರ್ಪಂಟೈನಿನಂಥ ದ್ರಾವಕವೂ, ಎಣ್ಣೆ ಒಣಗುವಾಗ ಹುಟ್ಟುವ ಆವಿಯೂ ಉಬ್ಬಸದವರಿಗೆ ಇನ್ನೂ ಕಷ್ಟ.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಜನವರಿ 12ರಂದು ಹೊರತಂದ ಸಗಣಿಯ ‘ಪ್ರಾಕೃತಿಕ್’ ಬಣ್ಣದ ಬಗ್ಗೆ ಕೆಲವರು ನಮ್ಮನ್ನು ಕೇಳಿದ್ದಾರೆ. ಜೈಪುರದ ಕುಮಾರಪ್ಪ ಕೈಕಾಗದ ಸಂಸ್ಥೆಯಲ್ಲಿ ರೂಪುಗೊಂಡದ್ದು ಅದು. ಸೀಸ, ಪಾದರಸಗಳಂಥ ಲೋಹಗಳಿಲ್ಲವೆಂಬುದು ಅವರ ಭರವಸೆ. ದನ ಕಟ್ಟಿದವರಿಗೆ ಸಂತೋಷದ ವಿಷಯವೇ. ಆದರೂ ಅದು ಡಬ್ಬದಲ್ಲಿ ಬರುವ ಹಸಿ ಬಣ್ಣ. ಕೆಡದಿರಲು ಏನು ಹಾಕಿದ್ದೀರಿ ಎಂಬ ಪ್ರಶ್ನೆಯನ್ನು ಅದಕ್ಕೂ ಕೇಳಬೇಕು.

ಯಾವುದನ್ನೇ ಕೊಂಡರೂ ಮೊದಲು ಚಿಕ್ಕ ಡಬ್ಬ ತಂದು ಒಂದು ಹಲಗೆಗೆ ಎರಡು ಕೈ ಬಳಿದು, ಹೊರಗೆ ಮೂರು ದಿನ ಒಣಗಿಸಿ, ಆ ಸೂಕ್ಷ್ಮ ದೇಹದವರ ಬಳಿ ಹಗಲು ಹೊತ್ತಿನಲ್ಲಿ ಇಟ್ಟು ನೋಡಿ. ಕಣ್ಣು ಮೂಗು ಉರಿದರೆ ಆ ಬಣ್ಣ ಅವರಿಗಲ್ಲ. ಉಬ್ಬಸ ಜೋರಾಗಿರುವವರ ಮೇಲೆ ಈ ಪ್ರಯೋಗ ಬೇಡ.

ಸುಣ್ಣದ ವಿಷಯ

ಸುಣ್ಣವೆಂದರೆ ಬಡವರ ಬಣ್ಣ ಎಂಬ ಭಾವನೆ ಬಂದುಬಿಟ್ಟಿದೆ. ನೆರೆಯ ಸಂಕಗಿರಿಯ ಸುಣ್ಣದ ಕಲ್ಲನ್ನು ನಂಬಿ 1963ರಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆಯೇ ನಿಂತಿತು, ನಾವು ಮಾತ್ರ ಸುಣ್ಣ ಬಳಿಯಲು ನಾಚುತ್ತೇವೆ. ಸುಣ್ಣದ ಖಾರದಲ್ಲಿ ಸೂಕ್ಷ್ಮಜೀವಿ ಬಾಳದು. ಆದ್ದರಿಂದ ಅದಕ್ಕೆ ಬೇರೆ ಔಷಧ ಬೇಡ. ರೇಷ್ಮೆ ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಎರಚುವುದೂ ಅದರ ತೇವ ಹೀರಿ ರೋಗ ತಡೆಯಲೆಂದೇ. ಗೋಡೆಯ ಮೇಲೆ ಬಂದ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಗೋಡೆ ಉಸಿರಾಡುತ್ತದೆ, ತೇವ ಒಳಗೆ ಕಟ್ಟಿಕೊಳ್ಳುವುದಿಲ್ಲ.

ಸುಣ್ಣ ಉದುರುತ್ತದೆ ಎಂದು ದೂರುವವರು ಅವಸರದ ಸುಣ್ಣವನ್ನು ಕಂಡವರು. ಕೇಂದ್ರ ಲೋಕೋಪಯೋಗಿ ಇಲಾಖೆಯ ಹಳೆಯ ಕ್ರಮ ಹೀಗಿದೆ: ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಅರಳಿಸಿದ ಮೇಲೆ ಒಂದು ದಿನ ಪೂರ್ತಿ ನೆನೆಯಲು ಬಿಡಬೇಕು. ಒರಟು ಬಟ್ಟೆಯಲ್ಲಿ ಸೋಸಬೇಕು. ಹತ್ತು ಲೀಟರ್ ಸುಣ್ಣದ ಹಾಲಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಬೇಕು. ಬಿಳುಪು ಎದ್ದು ಕಾಣಲು ಒಂದು ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ ತೆಳುವಾಗಿ ಬಳಿಯಬೇಕು; ಹೊಸ ಗೋಡೆಗೆ ಮೂರು ಸಾರಿ. ಒಂದೇ ಸಾರಿಗೆ ದಪ್ಪ ಬಳಿದದ್ದೇ ಉದುರುವುದು.

ಎಮಲ್ಷನ್ ಅಥವಾ ಎನಾಮೆಲ್ ಹೊಡೆದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಕೆರೆಯಲೇಬೇಕು. ಇಲ್ಲಿ ಇನ್ನೊಂದು ಅಪಾಯವಿದೆ. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ, ವಿಶೇಷವಾಗಿ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಳ ಕಾಲ ಎಚ್ಚರಿಸಿದ್ದು ಮಕ್ಕಳ ಮಿದುಳಿಗೆ ಇದು ಮಾಡುವ ಹಾನಿಯನ್ನು. ಹಳೆಯ ಬಣ್ಣವನ್ನು ಒಣಗಿಯೇ ಉಜ್ಜಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಮಕ್ಕಳೂ ಗರ್ಭಿಣಿಯರೂ ಆ ದಿನ ಮನೆಯಲ್ಲಿರುವುದು ಬೇಡ.

ಸುಣ್ಣಕ್ಕೂ ಗೌರವ ಕೊಡಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಸುಣ್ಣಕ್ಕೆ ನೀರು ಸುರಿಯದೆ, ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಪ್ಲಾಸ್ಟಿಕ್ ಬಿಂದಿಗೆ ಬೇಡ. ಕಣ್ಣಿಗೆ ಸಿಡಿದರೆ ಉಜ್ಜದೆ, ಎಣ್ಣೆ ಹಾಲು ಯಾವುದನ್ನೂ ಹಾಕದೆ, ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷವಾದರೂ ಶುದ್ಧ ನೀರು ಹರಿಸಿ, ಕೂಡಲೇ ಕಣ್ಣಾಸ್ಪತ್ರೆಗೆ ಓಡಬೇಕು. ದೃಷ್ಟಿ ಉಳಿಯುವುದು ಆ ಮೊದಲ ನಿಮಿಷಗಳಲ್ಲೇ.

ಬಣ್ಣ ಹೊಡೆಯುವ ವಾರ

ಹಬ್ಬದ ಮುನ್ನಾದಿನಕ್ಕೆ ಮುಗಿಸುವ ಲೆಕ್ಕ ಹಾಕಬೇಡಿ, ಎರಡು ವಾರ ಮುಂಚೆ ಮುಗಿಯುವಂತೆ ಹಾಕಿ. ಒಂದೊಂದೇ ಕೋಣೆ ಹೊಡೆಸಿ, ಉಳಿದ ಕೋಣೆಗಳಲ್ಲಿ ವಾಸ ಮಾಡಿ. ಎದುರುಬದುರು ಕಿಟಕಿಗಳನ್ನು ಹಗಲೆಲ್ಲಾ ತೆರೆದಿಡಿ, ಫ್ಯಾನನ್ನು ಕಿಟಕಿಯ ಕಡೆಗೆ ಮುಖ ಮಾಡಿ ಗಾಳಿ ಹೊರಗೆ ತಳ್ಳುವಂತೆ ಇಡಿ. ಆರೋಗ್ಯವಂತರು ಎರಡು ಮೂರು ದಿನಕ್ಕೆ ಒಳಗೆ ಮಲಗಬಹುದು. ಉಬ್ಬಸದವರೂ ಕೂಸುಗಳೂ ಏಳು ದಿನವಾದರೂ ಬೇರೆಡೆ ಮಲಗಲಿ, ವಾಸನೆ ಇನ್ನೂ ಇದ್ದರೆ ಮತ್ತೂ ಕೆಲವು ದಿನ. ಹೆರಿಗೆಗೆ ಬರುವ ಮಗಳಿಗೆಂದು ಕೋಣೆ ಅಂದ ಮಾಡುವವರು ಏಳನೆಯ ತಿಂಗಳಿಗೇ ಮುಗಿಸಿಬಿಡಲಿ. ಹೊಸ ಬಣ್ಣದ ಕೋಣೆಯಲ್ಲಿ ಬಕೆಟ್ ನೀರು ಇಡುವುದು, ಈರುಳ್ಳಿ ಕೊಯ್ದು ಇಡುವುದು ಕೆಲವರ ರೂಢಿ. ಹಾನಿಯಿಲ್ಲ, ಆದರೆ ತೆರೆದ ಕಿಟಕಿಯ ಕೆಲಸವನ್ನು ಅವು ಮಾಡಲಾರವು. ಕುಂಡದ ಗಿಡಗಳೂ ಅಷ್ಟೇ.

ಬಣ್ಣ ಹೊಡೆಯುವ ನಮ್ಮ ಹುಡುಗರು ರಬ್ಬರ್ ಕೈಚೀಲ ಹಾಕಿಕೊಳ್ಳಲಿ. ಕೈಗೆ ಹತ್ತಿದ ಬಣ್ಣವನ್ನು ಟರ್ಪಂಟೈನಿನಲ್ಲಿ ತೊಳೆಯುವುದು ಬೇಡ, ಸೋಪು ನೀರು ಸಾಕು. ಒಣಗುವ ಮುಂಚೆ ತೊಳೆಯಬೇಕು ಅಷ್ಟೇ.

ಉಳಿದ ಬಣ್ಣವನ್ನು ಮುಂದಿನ ವರ್ಷಕ್ಕೆಂದು ಮಂಚದ ಕೆಳಗೆ ಇಡಬೇಡಿ, ಹೊರಗಿನ ಕೊಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಡಿ. ಅದು ಕೆಡದಿರಲೆಂದು ಹುಳುಮನೆಯಲ್ಲಿ ಮಿಕ್ಕ ಫಾರ್ಮಲಿನ್ನನ್ನು ಅದಕ್ಕೆ ಸುರಿಯುವ ಜಾಣತನ ಯಾರೂ ತೋರಿಸಬಾರದು. ಫಾರ್ಮಲಿನ್ ಡಬ್ಬವನ್ನು ಬೀಗದೊಳಗೆ ಇಡಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ಬೇಡವಾದ ಎಮಲ್ಷನ್ನನ್ನು ಮರಳು ಅಥವಾ ಮರದ ಹೊಟ್ಟಿನಲ್ಲಿ ಕಲಸಿ ಬಿಸಿಲಲ್ಲಿ ಒಣಗಿಸಿ ಆಮೇಲೆ ಎಸೆಯಬಹುದು. ಕುಂಚ ತೊಳೆದ ನೀರನ್ನು ಬಾವಿಗೆ ದೂರವಾಗಿ ಮಣ್ಣಿನ ಗುಂಡಿಗೆ ಹಾಕಿ. ಆ ಔಷಧಗಳು ಮೀನಿಗೆ ವಿಷ, ಕಾಲುವೆಗೆ ಬಿಡಬೇಡಿ.